ಅಳತೆಗಾಗಿ ನಿಂತವರು

ತಾಂಡೂರು
೫ ಸೆಪ್ಟೆಂಬರ್ ೨೦೧೧

ಸ್ವರೂಪಾಬಾಯಿಯವರಿಗೆ, ಜೈಭೀಮ.

ಆಗಸ್ಟ್ ಕೊನೆಯ ಭಾನುವಾರ ನಾವು ಅನಂತಗಿರಿ ಗುಡ್ಡಕ್ಕೂ ಕೋಟಪಲ್ಲಿ ಕೆರೆಗೂ ಹೋಗಿಬಂದಾಗ ನಾನು ತೆಗೆದ ಛಾಯಾಚಿತ್ರಗಳಲ್ಲಿ ಆರನ್ನು ಮುದ್ರಿಸಿ ಇದರೊಂದಿಗೆ ಕಳುಹಿಸಿದ್ದೇನೆ. ಜಹೀರಾಬಾದಿನಿಂದ ನನ್ನ ಅಕ್ಕ ಕೌಶಲ್ಯಾ ಈ ವಿಷಯವನ್ನು ಮತ್ತೆ ಮತ್ತೆ ನೆನಪಿಸುತ್ತಿದ್ದಾಳೆ. "ಅಕಿಗಿ ಫೋಟೋ ಕಳ್ಸಿದಿ ಇಲ್ಲೊ? ಬರೀ ಫೋಟೋ ಕಳಸಬ್ಯಾಡ, ನಾಕ ಮಾತು ಬರಿ" ಎಂದು ಅವಳ ಆಜ್ಞೆ. ನಾಲ್ಕು ಮಾತು ಬರೆಯಲು ನನ್ನ ಬಳಿ ಇರುವುದು ಚಿತ್ರಗಳ ವಿವರವಷ್ಟೆ. ಅದನ್ನೇ ಬರೆಯುತ್ತೇನೆ.

ಮೊದಲನೆಯದು ಗುಡ್ಡ ಇಳಿಯುವ ಕಾಲುದಾರಿಯ ಪಕ್ಕದ ಕೆಂಪು ಮುರಕಲ್ಲಿನ ಬಂಡೆ. ನೀವು ಅದರ ಬುಡದಲ್ಲಿ ನಿಂತಿದ್ದೀರಿ. ನಿಮ್ಮ ಎತ್ತರ ಐದು ಅಡಿ ಎರಡು ಅಂಗುಲವಾದ್ದರಿಂದ ಬಂಡೆಯ ಎತ್ತರ ಇಪ್ಪತ್ತೊಂದು ಅಡಿ ಎಂದು ಲೆಕ್ಕ ಸಿಗುತ್ತದೆ. ಕೆಳಗಿನ ಪದರು ಹೆಚ್ಚು ಸವೆದಿರುವುದನ್ನು ನಿಮ್ಮ ಭುಜದ ಮಟ್ಟದಲ್ಲಿ ಗಮನಿಸಬಹುದು. ಎರಡನೆಯದರಲ್ಲಿ ಹಳ್ಳದ ಮೇಲೆ ಬಾಗಿದ ಮತ್ತಿಮರ, ಅಲ್ಲಿಯೂ ನೀವಿದ್ದೀರಿ. ಮೂರು ಮತ್ತು ನಾಲ್ಕು ಕೆರೆಯವು. ನೀರು ಅಂದು ನಿಶ್ಚಲವಾಗಿದ್ದುದರಿಂದ ಎದುರಿನ ಗುಡ್ಡಗಳ ಸಾಲು ತಲೆಕೆಳಗಾಗಿ ಪೂರ್ಣವಾಗಿ ಮೂಡಿದೆ. ಏರಿಯ ಕಲ್ಲುಕಟ್ಟಣೆಯ ಪಕ್ಕದಲ್ಲಿ ನೀವು ನಿಂತದ್ದರಿಂದ ಕಲ್ಲುಗಳ ಗಾತ್ರ ತಿಳಿಯಲು ಅನುಕೂಲವಾಗಿದೆ. ಐದನೆಯದು ಮೀನುಗಾರರ ತೆಪ್ಪ.

ಆರನೆಯ ಚಿತ್ರದಲ್ಲಿ ಒಂದು ದೋಷವಿದೆ. ನೀವು ನಗುತ್ತಾ ಚೌಕಟ್ಟಿನ ಹೊರಗೆ ಎಲ್ಲಿಯೋ ನೋಡಿದ್ದೀರಿ. ಅಲುಗಿದ್ದರಿಂದ ಮುಖ ಮಸುಕಾಗಿದೆ. ಹಿಂದಿನ ಗುಡ್ಡದ ಅಂಚು ಸ್ಪಷ್ಟವಾಗಿ ಬಂದಿರುವ ಕಾರಣಕ್ಕೆ ಅದನ್ನು ಉಳಿಸಿಕೊಂಡೆ. ಏನನ್ನು ನೋಡಿ ನಕ್ಕಿರಿ ಎಂಬುದು ಚಿತ್ರದಲ್ಲಿ ಸಿಕ್ಕಿಲ್ಲ. ಕುತೂಹಲದಿಂದ ಕೇಳುತ್ತಿದ್ದೇನೆ, ಉತ್ತರಿಸಲೇಬೇಕೆಂದೇನೂ ಇಲ್ಲ.

ನನಗೆ ದೂರವಾಣಿಯಲ್ಲಿ ಮಾತು ಕೂಡಿಬರುವುದಿಲ್ಲ. ಅದಕ್ಕಾಗಿ ಪತ್ರ. ನಾರಾಯಣಖೇಡದ ಆಸ್ಪತ್ರೆಯ ಈ ವಿಳಾಸ ಅಕ್ಕ ಕೊಟ್ಟದ್ದು.

ಇತಿ,
ಆತ್ಮಾರಾಮ
ಸಹಾಯಕ ಇಂಜಿನಿಯರ್, ಸಣ್ಣ ನೀರಾವರಿ


ನಾರಾಯಣಖೇಡ
೧೦ ಸೆಪ್ಟೆಂಬರ್ ೨೦೧೧

ಆತ್ಮಾರಾಮ ಸಾಹೇಬರಿಗೆ, ಜೈಭೀಮ.

ಲಕೋಟೆ ಲ್ಯಾಬಿನ ವಿಳಾಸಕ್ಕೆ ಬಂದದ್ದು ಒಳ್ಳೆಯದಾಯಿತು. ಮನೆಗೆ ಬಂದ ಟಪಾಲನ್ನು ನನ್ನ ಯಜಮಾನರ ಅಣ್ಣ, ಭಾವ ವಿಠೋಬಾ ಅವರೇ ಒಡೆಯುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಯಜಮಾನರು ತೀರಿಕೊಂಡ ಮೇಲೆ ಹಾಗೆ ರೂಢಿಯಾಗಿದೆ. ನನ್ನ ಫೋನು ಮನೆಯ ಮಕ್ಕಳ ಕೈಯಲ್ಲೇ ಇರುತ್ತದೆ. ಮುಂದೆಯೂ ಇಲ್ಲಿಗೇ ಬರೆಯಿರಿ.

ಮಧ್ಯಾಹ್ನ ಜ್ವರದವರ ರಕ್ತದ ಸ್ಲೈಡುಗಳನ್ನೆಲ್ಲ ನೋಡಿ ಮುಗಿಸಿ, ಬಾಗಿಲು ಮುಂದೆ ಮಾಡಿಕೊಂಡು ನಿಮ್ಮ ಆರು ಚಿತ್ರಗಳನ್ನು ಟೇಬಲ್ಲಿನ ಮೇಲೆ ಹರಡಿದೆ. ನನ್ನ ಮದುವೆಯಲ್ಲೂ ಇಷ್ಟು ಫೋಟೋ ಯಾರೂ ತೆಗೆದಿರಲಿಲ್ಲ. ಆಮೇಲೆ ನೀವು ಬರೆದ ವಿವರ ಓದಿದೆ. ಭುಜದ ಮಟ್ಟದಲ್ಲಿ ಪದರು ಸವೆದದ್ದು, ಕಲ್ಲುಗಳ ಗಾತ್ರ! ಇಷ್ಟು ಗಂಭೀರ ಮುಖ ಇಟ್ಟುಕೊಂಡು ತಮಾಷೆ ಮಾಡುವವರನ್ನು ನಾನು ನೋಡಿರಲಿಲ್ಲ. ಹೇಳಬೇಕಾದದ್ದನ್ನು ಬಂಡೆಯ ಹಿಂದೆ ಬಚ್ಚಿಟ್ಟು ಹೇಳುತ್ತೀರಿ.

ನಾನು ನಕ್ಕದ್ದು ಏನಕ್ಕೆಂದರೆ, ನೀವು ನನಗೆ "ಅರ್ಧ ಹೆಜ್ಜೆ ಎಡಕ್ಕೆ, ಹಾಂ, ಅಲ್ಲೇ" ಅನ್ನುತ್ತಿದ್ದಿರಲ್ಲ, ಆಗ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದ ಕೌಶಲ್ಯಾ ಅಕ್ಕ ಜೀಪಿನ ಡ್ರೈವರ್ ಭೀಮಶಾನಿಗೆ ಹೇಳಿದರು: "ನೋಡೊ ನಮ್ಮ ತಮ್ಮನ್ನ! ದಿನಾ ಬರೀ ಕಲ್ಲು ಮಣ್ಣು ಹಿಡಿಯೋನು, ಇವತ್ತ ಅಕಿನ್ನ ಬಿಟ್ಟು ಕ್ಯಾಮೆರಾ ತಿರುಗಸವಲ್ಲ."

ಅದಕ್ಕೆ ಭೀಮಶಾ, "ಇರ್ಲಿ ಬಿಡ್ರಿ ಅಕ್ಕಾ, ಬರಾಬ್ಬರ್ ನೋಡಾಕತ್ಯಾರ. ಬ್ರೇಕ್ ಇನ್‌ಸ್ಪೆಕ್ಟರ್ ಸೆಕೆಂಡ್‌ಹ್ಯಾಂಡ್ ಗಾಡಿ ನೋಡ್ದಂಗ" ಅಂದ. ಅಕ್ಕ ಅವನಿಗೆ ಮೆಣಸಿನಕಾಯಿ ಎಸೆದರು. ನಿಮಗೆ ಇದಾವುದೂ ಕೇಳಿಸಲಿಲ್ಲವೇ?

ಆ ದಿನದ ಸುತ್ತಾಟ ಯಾಕೆಂದು ನಮ್ಮಿಬ್ಬರಿಗೂ ಗೊತ್ತಿದೆ, ಆದ್ದರಿಂದ ಸುತ್ತಿ ಬಳಸಿ ಬರೆಯುವುದಿಲ್ಲ. ನಲವತ್ತನಾಲ್ಕರ ವಿಧವೆಯನ್ನು ಜಮಖಾನೆ ಹಾಸಿ, ಚಹಾದ ತಟ್ಟೆ ಕೈಗೆ ಕೊಟ್ಟು ತೋರಿಸುವುದು ಅಕ್ಕನಿಗೂ ಬೇಡವಾಗಿತ್ತು, ನನಗೂ. ಹಾಗಾಗಿ ಗುಡ್ಡ, ಕೆರೆ. ನೀವು ನನ್ನನ್ನು ನೋಡಿದಿರಿ, ನಾನೂ ನಿಮ್ಮನ್ನು ನೋಡಿದೆ. ನೀವು ಕಡಿಮೆ ಮಾತಿನವರು. ಆದರೆ ನನ್ನನ್ನು ನಿಲ್ಲಿಸುವ ಮುಂಚೆ ಪ್ರತಿ ಸಲವೂ ಆ ಜಾಗದ ಮುಳ್ಳನ್ನು ಚಪ್ಪಲಿಯಿಂದ ಸರಿಸಿದಿರಿ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ಈಗ ಒಂದು ಅವಸರ ಬಂದಿದೆ. ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಈಶಮ್ಮ ಎಂಬವರಿದ್ದಾರೆ. ಅವರ ತವರು ಇಲ್ಲಿಯ ಕಲ್ಹೇರ್. ತಾಯಿಯನ್ನು ನೋಡಿಕೊಳ್ಳಲು ಈ ಕಡೆ ಬರಬೇಕಂತೆ. ನಾನು ಒಪ್ಪಿದರೆ ಅವರು ನನ್ನ ಜಾಗಕ್ಕೆ, ನಾನು ಅವರ ಜಾಗಕ್ಕೆ. ಇಬ್ಬರೂ ಕೂಡಿ ಅರ್ಜಿ ಕೊಡಬೇಕು. ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಎಲ್ಲ ನೌಕರರ ಸಮ್ಮೆ ಶುರುವಾಗುತ್ತಿದೆ, ಕಚೇರಿಗಳು ಮುಚ್ಚುತ್ತವೆ. ಮತ್ತೆ ತೆರೆಯುವಷ್ಟರಲ್ಲಿ ನಾನು ಹೂಂ ಅನ್ನದಿದ್ದರೆ ಅವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ನಿಮ್ಮ ಮನಸ್ಸು ತಿಳಿಯದೆ ನಾನು ತಾಂಡೂರಿಗೆ ಹೂಂ ಅನ್ನುವುದು ಹೇಗೆ? ನಮ್ಮ ಮನೆಯಲ್ಲಿ ಇನ್ನೂ ಏನೂ ಹೇಳಿಲ್ಲ. ಮೊದಲು ನೀವು ಹೇಳಿ.

ಸ್ವರೂಪಾ


ತಾಂಡೂರು
೧೯ ಸೆಪ್ಟೆಂಬರ್ ೨೦೧೧

ಸ್ವರೂಪಾಬಾಯಿಯವರಿಗೆ, ಜೈಭೀಮ.

ನಿಮ್ಮ ಪತ್ರವನ್ನು ಓದಿದ ಮೇಲೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸುವುದು ನನ್ನ ಕರ್ತವ್ಯವಾಗಿದೆ. ತಡಮಾಡಿದರೆ ಅದು ವಂಚನೆಯಾಗುತ್ತದೆ.

ಆ ದಿನದ ಉದ್ದೇಶ ನನಗೆ ತಿಳಿದಿರಲಿಲ್ಲ. ಅಕ್ಕ ನನಗೆ ಹೇಳಿದ್ದು ಕೆರೆ ತುಂಬಿದೆ ಎಂದು ಮಾತ್ರ. ಜೊತೆಗೆ ಒಬ್ಬರು ಪರಿಚಯದವರು ಬರುತ್ತಾರೆ ಎಂದಿದ್ದಳು. ನಿಮ್ಮ ಪತ್ರ ಬಂದ ಸಂಜೆ ಅವಳಿಗೆ ದೂರವಾಣಿ ಮಾಡಿ, ನನಗೇಕೆ ಹೇಳಲಿಲ್ಲವೆಂದು ಕೇಳಿದೆ.

"ಹೇಳಿದ್ರ ನೀ ಬರ್ತಿದ್ದೇನು? ನೂರಾ ಎಂಟು ನೆವ ತಗೀತಿದ್ದಿ. ಕೆರಿ ತುಂಬ್ಯಾದ, ಕ್ಯಾಮೆರಾ ತಗೊಂಡು ಬಾ ಅಂದೆ, ಓಡಿ ಬಂದಿ."

ನಾನು ತಿಳಿದೇ ಬಂದವನೆಂದು ನೀವು ಭಾವಿಸಿದ್ದೀರಿ ಎಂದೆ.

"ಭಾವಿಸ್ಲಿ ಬಿಡೊ. ನೀ ಅದನ್ನ ಖರೆ ಮಾಡು ಮತ್ತ" ಎಂದು ಫೋನು ಇಟ್ಟಳು.

ಖರೆ ಅಲ್ಲದ್ದನ್ನು ಖರೆ ಎಂದು ಬರೆಯಲು ನನಗೆ ಬರುವುದಿಲ್ಲ. ಚಿತ್ರಗಳಲ್ಲಿ ನೀವು ಇರುವುದಕ್ಕೆ ಕಾರಣ ನಮ್ಮ ವೃತ್ತಿಯ ಒಂದು ಪದ್ಧತಿ. ಬಂಡೆಯೊಂದನ್ನೇ ಚಿತ್ರ ತೆಗೆದರೆ ಅದು ಮುಷ್ಟಿಯಷ್ಟಿದೆಯೋ ಮನೆಯಷ್ಟಿದೆಯೋ ನೋಡಿದವರಿಗೆ ತಿಳಿಯದು. ಆದ್ದರಿಂದ ಪಕ್ಕದಲ್ಲಿ ಅಳತೆಯ ಕೋಲನ್ನು ಇಡುತ್ತೇವೆ, ಕೋಲು ಇಲ್ಲದಾಗ ಮನುಷ್ಯರನ್ನು ನಿಲ್ಲಿಸುತ್ತೇವೆ. ಅಂದು ಕೋಲು ತಂದಿರಲಿಲ್ಲ. ಅಕ್ಕನಿಗೆ ಮೊಣಕಾಲು ನೋವು. ಭೀಮಶಾ ಜೀಪು ಬಿಟ್ಟು ಕದಲಲಿಲ್ಲ. ಉಳಿದವರು ನೀವು. ಮುಳ್ಳು ಸರಿಸಿದ್ದು ಸಹ ನಿಂತವರು ಅಲುಗಬಾರದೆಂದು. ಇದನ್ನು ಬರೆಯುವಾಗ ಎಷ್ಟು ಒರಟಾಗಿ ಕೇಳಿಸುತ್ತದೆಂಬ ಅರಿವು ನನಗಿದೆ.

ನನ್ನ ಪತ್ನಿ ಭೂದೇವಿ ತೀರಿಕೊಂಡು ಮೂರು ವರ್ಷವಾಯಿತು. ಮತ್ತೊಂದು ಮದುವೆಯ ಕುರಿತು ನಾನು ಯೋಚಿಸಿದವನಲ್ಲ. ಹೀಗಿರುವಾಗ ಈಶಮ್ಮನವರಿಗೆ ಏನು ಹೇಳಬೇಕೆಂಬುದನ್ನು ನನ್ನನ್ನು ಗಣನೆಗೆ ತೆಗೆದುಕೊಳ್ಳದೆ ತೀರ್ಮಾನಿಸಬೇಕೆಂದು ವಿನಂತಿ.

ನಮ್ಮ ಕಚೇರಿ ಮುಚ್ಚಿದೆ. ತಹಸೀಲಿನ ಎದುರು ಹಾಕಿದ ಡೇರೆಯಲ್ಲಿ ದಿನವಿಡೀ ಕೂರುತ್ತೇವೆ. ರಸ್ತೆಯ ಮೇಲೆಯೇ ಒಲೆ ಹೂಡಿ ಅನ್ನ ಬೇಯಿಸುತ್ತಾರೆ. ಎಲ್ಲರೂ ತೆಲುಗಿನಲ್ಲಿ ಹಾಡುವಾಗ ನಾನು ಚಪ್ಪಾಳೆಯನ್ನಷ್ಟೇ ತಟ್ಟುತ್ತೇನೆ. ಬ್ರೇಕ್ ಇನ್‌ಸ್ಪೆಕ್ಟರ್ ಎಂಬ ಮಾತನ್ನು ಇಂದು ಅಲ್ಲಿ ಕುಳಿತು ಎರಡನೆಯ ಸಲ ಓದಿದಾಗ ನಗು ಬಂತು. ಪಕ್ಕದವರು ತಿರುಗಿ ನೋಡಿದರು.

ಕ್ಷಮೆ ಇರಲಿ.
ಆತ್ಮಾರಾಮ


ನಾರಾಯಣಖೇಡ
೨೯ ಸೆಪ್ಟೆಂಬರ್ ೨೦೧೧

ಸಹಾಯಕ ಇಂಜಿನಿಯರ್ ಸಾಹೇಬರಿಗೆ,

ನಿಮ್ಮ ಪತ್ರ ನಿನ್ನೆ ಸಿಕ್ಕಿತು. ಬಸ್ಸುಗಳು ನಿಂತಿವೆ, ಟಪಾಲಿನ ಚೀಲ ಯಾರದೋ ಟೆಂಪೋದಲ್ಲಿ ಈರುಳ್ಳಿಯ ಜೊತೆ ಬಂತಂತೆ. ನಮ್ಮ ಆಸ್ಪತ್ರೆ ಮಾತ್ರ ನಡೆದಿದೆ. ಜ್ವರ ಸಮ್ಮೆ ಹೂಡಿಲ್ಲ.

ಇದ್ದದ್ದನ್ನು ಇದ್ದಂತೆ ಬರೆದಿರಿ, ಒಳ್ಳೆಯದು. ನಾನೂ ಒಂದನ್ನು ಇದ್ದಂತೆ ಬರೆಯುತ್ತೇನೆ. ನನ್ನ ಎತ್ತರ ಐದು ಅಡಿ ಎರಡು ಅಂಗುಲವಲ್ಲ. ಮೊದಲ ಸಲ ಓದಿದಾಗ ಅದೂ ನಿಮ್ಮ ತಮಾಷೆಯ ಭಾಗ ಅಂದುಕೊಂಡಿದ್ದೆ. ಈ ಸಲ ಚಪ್ಪಲಿ ಬಿಟ್ಟು, ಹೊರರೋಗಿಗಳ ಕೋಣೆಯ ಗೋಡೆಯಲ್ಲಿ ಬರೆದ ಅಳತೆಗೆ ಬೆನ್ನು ಹಚ್ಚಿ ನಿಂತು, ನಮ್ಮ ನರ್ಸಮ್ಮನಿಂದ ಓದಿಸಿದೆ. "ಯಾಕ್ರಿ, ಈ ವಯಸ್ಸಿನಾಗ ಬೆಳ್ಯಾಕತ್ತೀರೇನು?" ಅಂದಳು. ನಾಲ್ಕು ಅಡಿ ಹನ್ನೊಂದು ಅಂಗುಲ. ಅಂದಮೇಲೆ ನಿಮ್ಮ ಬಂಡೆಯ ಎತ್ತರ ತಪ್ಪು, ಮರದ್ದು ತಪ್ಪು, ಏರಿಯ ಕಲ್ಲುಗಳದ್ದೂ ತಪ್ಪು.

ಇಡೀ ದಿನ ನನ್ನನ್ನು ಅಳತೆಯ ಕೋಲಾಗಿ ನಿಲ್ಲಿಸಿದಿರಿ, ಆಗಲಿ. ಕೋಲು ಎಷ್ಟುದ್ದ ಇದೆ ಎಂದಾದರೂ ನೋಡಬಹುದಿತ್ತಲ್ಲ?

ಈಶಮ್ಮನವರಿಗೆ ಏನು ಹೇಳುತ್ತೇನೆ ಎಂಬುದರ ಚಿಂತೆ ನಿಮಗೆ ಬೇಡ.

ಸ್ವರೂಪಾ
ಲ್ಯಾಬ್ ಟೆಕ್ನಿಷಿಯನ್


ತಾಂಡೂರು
೬ ಅಕ್ಟೋಬರ್ ೨೦೧೧

ಸ್ವರೂಪಾಬಾಯಿಯವರಿಗೆ, ಜೈಭೀಮ.

ನೀವು ತಪ್ಪು ತೋರಿಸಿದ್ದು ಸರಿಯಾಗಿಯೇ ಇದೆ. ನಿಮ್ಮ ಅಳತೆಯ ಪ್ರಕಾರ ಎಲ್ಲ ಲೆಕ್ಕಗಳನ್ನೂ ಹೊಸದಾಗಿ ಮಾಡಿದ್ದೇನೆ. ಬಂಡೆಯ ಎತ್ತರ ಇಪ್ಪತ್ತು ಅಡಿ. ಉಳಿದ ತಿದ್ದುಪಡಿಗಳನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದ್ದೇನೆ. ಹಳೆಯ ವಿವರವನ್ನು ದಯವಿಟ್ಟು ಹರಿದುಹಾಕಿ.

ಮೂವತ್ತು ವರ್ಷದ ನೌಕರಿಯಲ್ಲಿ ಎದುರಿಗೆ ನಿಂತ ಮನುಷ್ಯನ ಎತ್ತರವನ್ನು ಅಂದಾಜಿಸುವುದರಲ್ಲಿ ನಾನು ಅಂಗುಲಕ್ಕಿಂತ ಹೆಚ್ಚು ತಪ್ಪಿದ್ದಿಲ್ಲ. ಇದು ಹೇಗಾಯಿತೆಂದು ನನಗೂ ಆಶ್ಚರ್ಯವಾಗಿದೆ.

ನಿಮ್ಮ ಊರಿನ ಕಡೆ ಜ್ವರ ಹೆಚ್ಚಿದೆಯೆಂದು ಡೇರೆಯಲ್ಲಿ ಮಾತು. ಜಾಗರೂಕರಾಗಿರಿ.

ಆತ್ಮಾರಾಮ


ನಾರಾಯಣಖೇಡ
೧೧ ಅಕ್ಟೋಬರ್ ೨೦೧೧

ಆತ್ಮಾರಾಮ ಅವರಿಗೆ,

ನಿಮಗೆ ಇನ್ನು ಬರೆಯಬಾರದು ಅಂದುಕೊಂಡಿದ್ದೆ. ತಿದ್ದುಪಡಿಯ ಹಾಳೆ ನೋಡಿ ಅರ್ಧ ನಗು, ಅರ್ಧ ಸಿಟ್ಟು. ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಅದು ನನಗೆ ಕೆಲಸ ಮಾಡಗೊಡುತ್ತಿಲ್ಲ. ಹೆಂಗಸಾಗಿ ಕೇಳುತ್ತಿಲ್ಲ, ಒಬ್ಬ ಟೆಕ್ನಿಷಿಯನ್ ಇನ್ನೊಬ್ಬ ಟೆಕ್ನಿಷಿಯನ್ನನ್ನು ಕೇಳುತ್ತಿದ್ದೇನೆ ಎಂದು ತಿಳಿಯಿರಿ.

ಐದು ಅಡಿ ಎರಡು ಅಂಗುಲ ಎಲ್ಲಿಂದ ಬಂತು?

ಅಂದಾಜು ಮಾಡಿದವರು "ಸುಮಾರು ಐದು ಅಡಿ" ಅನ್ನುತ್ತಾರೆ. ನೀವು "ಎರಡು ಅಂಗುಲವಾದ್ದರಿಂದ" ಎಂದು ಬರೆದಿದ್ದೀರಿ, ಅಳೆದು ನೋಡಿದವರ ಹಾಗೆ. ನಮ್ಮಲ್ಲಿ ಗಟ್ಟಿಮುಟ್ಟಾದ ಮನುಷ್ಯನ ರಿಪೋರ್ಟಿನಲ್ಲಿ ರೋಗ ಕಂಡರೆ ನಾವು ಮೊದಲು ಸಂಶಯಪಡುವುದು ಸೂಕ್ಷ್ಮದರ್ಶಕವನ್ನಲ್ಲ. ಅವನ ಹೆಸರಿನ ಮೇಲೆ ಬೇರೆಯವರ ಸ್ಲೈಡು ಬಂದು ಕೂತಿದೆಯೇ ಎಂದು ನೋಡುತ್ತೇವೆ.

ನನ್ನ ಹೆಸರಿನ ಮೇಲೆ ಯಾರದು ಕೂತಿದೆ?

ಸ್ವರೂಪಾ


ತಾಂಡೂರು
೧೮ ಅಕ್ಟೋಬರ್ ೨೦೧೧

ಸ್ವರೂಪಾ ಅವರಿಗೆ, ಜೈಭೀಮ.

ನಿಮ್ಮ ಪ್ರಶ್ನೆಗೆ ಉತ್ತರ ಓದಿದ ಕ್ಷಣವೇ ತಿಳಿಯಿತು. ಬರೆಯಲು ಇಷ್ಟು ದಿನ ಬೇಕಾಯಿತು.

ಐದು ಅಡಿ ಎರಡು ಅಂಗುಲ ಭೂದೇವಿಯ ಎತ್ತರ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಯಾಲಾಲ್ ಕಡೆಯ ಹಳ್ಳಿಗಳ ಕುಂಟೆ, ಕೆರೆಗಳ ಪರಿಶೀಲನೆಗೆ ಹಾಕಿದ್ದರು. ರಜೆಯ ದಿನ ಹೋಗುವಾಗ ಅವಳೂ ಬರುತ್ತಿದ್ದಳು. ರೊಟ್ಟಿ ಕಟ್ಟಿಕೊಂಡು ಸ್ಕೂಟರಿನ ಹಿಂದೆ ಕುಳಿತರೆ ದಾರಿಯುದ್ದಕ್ಕೂ ಮಾತು. ಒಂದು ದಿನ ಅಳತೆಯ ಕೋಲು ಮುರಿದಿತ್ತು; ಅವಳನ್ನು ನಿಲ್ಲಿಸಿದೆ. ಅನಂತರ ಕೋಲನ್ನು ಒಯ್ಯುವುದನ್ನೇ ಬಿಟ್ಟೆ. ಏರಿ, ತೂಬು, ಕೋಡಿ, ಬಿರುಕುಬಿಟ್ಟ ಗೋಡೆ, ಎಲ್ಲ ಕಡೆಗೂ ಅವಳೇ. ಪ್ರತಿ ಚಿತ್ರದ ಹಿಂಬದಿಯಲ್ಲಿ ಅದೇ ಅಂಕಿಯನ್ನು ಬರೆಯುತ್ತಿದ್ದೆ. ನಿಮ್ಮ ಚಿತ್ರದ ವಿವರ ಬರೆಯುವಾಗ ಕೈ ತಾನಾಗಿಯೇ ಅದನ್ನು ಬರೆದಿದೆ. ನಾನು ಕಣ್ಣೆತ್ತಿ ನಿಮ್ಮನ್ನು ಅಂದಾಜಿಸಲೇ ಇಲ್ಲ.

ಅವಳೊಮ್ಮೆ ಹೇಳಿದ್ದುಂಟು: "ಜಿಲ್ಲಾದಾಗಿನ ಎಲ್ಲಾ ಕೆರಿ ನೋಡಿ ಬಂದೀನಿ ಅಂತ ಮಂದಿ ಅಂತಾರ. ಖರೆ ಹೇಳ್ರಿ, ನಾ ಯಾವ ಕೆರಿ ನೋಡೀನಿ? ನೀವು ನಿಲ್ಸಿದಲ್ಲೆಲ್ಲಾ ಕೆರಿಗಿ ನನ್ನ ಬೆನ್ನು." ಹೇಳಿ ಅವಳೇ ನಕ್ಕಳು. ನಾನು ಒಂದು ಹೆಜ್ಜೆ ಬಲಕ್ಕೆ ಸರಿಯಲು ಹೇಳಿದೆ.

ಅವಳು ತೀರಿಕೊಂಡ ಮೇಲೆ ಪುಣ್ಯಾನುಮೋದನೆಯ ಪ್ರಾರ್ಥನೆಯ ದಿನ ಮೇಣದಬತ್ತಿಯ ಪಕ್ಕದಲ್ಲಿಡಲು ಒಂದು ಭಾವಚಿತ್ರ ಬೇಕಾಯಿತು. ಮನೆಯಲ್ಲಿ ಅವಳಿರುವ ಚಿತ್ರಗಳಿಗೆ ಕೊರತೆ ಇರಲಿಲ್ಲ. ಎಲ್ಲವನ್ನೂ ನೆಲದ ಮೇಲೆ ಹರಡಿ ನಾನೂ ಅಕ್ಕನೂ ಹುಡುಕಿದೆವು. ಒಂದರಲ್ಲಿಯೂ ಅವ‍ಳು ಉಗುರಿಗಿಂತ ದೊಡ್ಡದಾಗಿ ಇರಲಿಲ್ಲ. ಸ್ಟುಡಿಯೋದವರು ದೊಡ್ಡದು ಮಾಡಿ ನೋಡಿದರು; ಮುಖ ಬರೀ ಚುಕ್ಕಿಗಳಾಯಿತು. ಕಲ್ಲುಗಳೆಲ್ಲ ಸ್ಪಷ್ಟವಾಗಿದ್ದವು. ಕೊನೆಗೆ ಮತದಾರರ ಗುರುತಿನ ಚೀಟಿಯ ಚಿತ್ರವನ್ನೇ ಇಟ್ಟೆವು. ಅದರಲ್ಲಿ ಅವಳು ಯಾರ ಮೇಲೋ ಮುನಿಸಿಕೊಂಡವಳಂತೆ ಕಾಣುತ್ತಾಳೆ. ಅವಳಿಗೆ ಮುನಿಸು ಬರುತ್ತಿರಲಿಲ್ಲ.

ಕಳೆದ ಪತ್ರದಲ್ಲಿ ಆಶ್ಚರ್ಯವಾಗಿದೆ ಎಂದು ಬರೆದಿದ್ದೆ. ಆಗ ಅದು ನಿಜವಾಗಿತ್ತು. ನೀವು ಕೇಳಿರದಿದ್ದರೆ ಈಗಲೂ ನಿಜವಾಗಿಯೇ ಉಳಿಯುತ್ತಿತ್ತು.

ಈ ವಾರದಲ್ಲಿ ನಿಮ್ಮ ಆರನೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಮಸುಕಾದ ಮುಖವನ್ನು ಸ್ಪಷ್ಟಗೊಳಿಸಲು ನನಗೆ ತಿಳಿದ ಎಲ್ಲ ವಿಧಾನಗಳನ್ನೂ ಬಳಸಿದೆ, ಆಗಲಿಲ್ಲ. ನೀವು ಹೇಗೆ ಕಾಣುತ್ತೀರಿ ಎಂದು ಯಾರಾದರೂ ಕೇಳಿದರೆ ಒಂದು ಇಡೀ ದಿನ ಜೊತೆಗಿದ್ದೂ ಹೇಳಲಾರೆ. ಧ್ವನಿ ಮಾತ್ರ ನೆನಪಿದೆ. ಪತ್ರ ಓದುವಾಗ ಅದೇ ಧ್ವನಿಯಲ್ಲಿ ಕೇಳಿಸುತ್ತದೆ.

ಮತ್ತೊಂದು ಮದುವೆಯ ಕುರಿತು ಯೋಚಿಸಿದವನಲ್ಲವೆಂದು ಬರೆದಿದ್ದೆ. ಈಗ ಯೋಚಿಸುತ್ತಿದ್ದೇನೆ. ನಿಮ್ಮನ್ನು ನೋಡಬೇಕೆಂಬ ಇಚ್ಛೆ ಇದೆ, ಈ ಸಲ ಉದ್ದೇಶವನ್ನು ತಿಳಿದುಕೊಂಡು. ಅನುಮತಿಸಿದರೆ ನಾರಾಯಣಖೇಡಕ್ಕೆ ಬಂದು ವಿಠೋಬಾ ಅವರ ಮುಂದೆ ಕುಳಿತು ಕೇಳುತ್ತೇನೆ. ಹಿರಿಯರನ್ನು ಮೊದಲು ಕೇಳುವುದು ನಮ್ಮ ಕಡೆಯ ಕ್ರಮ. ಆದರೂ ನಿಮ್ಮನ್ನೇ ಮೊದಲು ಕೇಳಬೇಕೆನಿಸಿತು.

ನಿರಾಕರಿಸಿದರೆ ಅದನ್ನು ಸರಿಯೆಂದೇ ಒಪ್ಪಿಕೊಳ್ಳುತ್ತೇನೆ.

ಆತ್ಮಾರಾಮ


ನಾರಾಯಣಖೇಡ
೩೧ ಅಕ್ಟೋಬರ್ ೨೦೧೧

ಆತ್ಮಾರಾಮರಿಗೆ, ಜೈಭೀಮ.

ಸಮ್ಮೆ ಮುಗಿಯಿತು. ಬಸ್ಸುಗಳು ಓಡುತ್ತಿವೆ. ಕಚೇರಿ ತೆರೆದ ಮಾರನೆಯ ದಿನವೇ ಈಶಮ್ಮ ಬಂದಿದ್ದರು. ಇಬ್ಬರೂ ಕೂತು ಅರ್ಜಿಗೆ ಸಹಿ ಮಾಡಿ ಕೊಟ್ಟೆವು. ನಿಮ್ಮ ಪತ್ರ ನನ್ನ ಕೈಗೆ ಸಿಕ್ಕಿದ್ದು ಅದರ ಮರುದಿನ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾನು ತಾಂಡೂರಿಗೆ ಹೂಂ ಅಂದದ್ದು ನಿಮ್ಮ ಪತ್ರ ಓದಿ ಅಲ್ಲ. ಅದು ನಿಮಗೂ ಗೊತ್ತಿರಲಿ, ನನಗೂ ನೆನಪಿರಲಿ.

ಆ ಭಾನುವಾರ ನಾನು ಮನೆಯಲ್ಲಿ ಹೇಳಿ ಬಂದದ್ದು ಮೊಗುಡಂಪಲ್ಲಿಯಲ್ಲಿ ಜ್ವರದ ಕ್ಯಾಂಪ್ ಇದೆ ಎಂದು. ಕೆರೆಯ ಏರಿಯ ಮೇಲೆ ನೀವು ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದಾಗ ನನಗೆ ಅನಿಸಿತು: ನಾನು ಈಗ ಎಲ್ಲಿದ್ದೇನೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೆದರಿಕೆಯಾಗಬೇಕಿತ್ತು. ಎಷ್ಟೋ ವರ್ಷದ ಮೇಲೆ ಎದೆ ತುಂಬ ಗಾಳಿ ಎಳೆದುಕೊಂಡ ಹಾಗಾಯಿತು. ನೀವು ಮದುವೆ ಬೇಡವೆಂದು ಬರೆದ ಮೇಲೂ ಆ ಗಾಳಿ ಬೇಕು ಅನಿಸುತ್ತಲೇ ಇತ್ತು. ಹಾಗಾಗಿ ಸಹಿ.

ವರ್ಗಾವಣೆಯ ವಿಷಯ ಮನೆಯಲ್ಲಿ ಹೇಳಿದೆ. ಭಾವ ಊಟದ ತಾಟಿನ ಮುಂದೆ ಕೂತಿದ್ದರು, ಕೈ ನಿಂತಿತು.

"ಯಾಕ ಸ್ವರೂಪಾ, ನಾವೇನು ಕಡಿಮಿ ಮಾಡೀವಿ ನಿನಗ?"

"ಏನೂ ಕಡಿಮಿ ಮಾಡಿಲ್ಲ ಭಾವಾ. ಅದಕ್ಕ ಈ ಮಾತು ಹೇಳಾಕ ಇಷ್ಟ ವರ್ಷ ಆತು."

ಅಕ್ಕ, ಅಂದರೆ ಭಾವನವರ ಹೆಂಡತಿ, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ತಾಂಡೂರಾಗ ಒಬ್ಬ ಇಂಜಿನೇರ್ ಇದ್ದಾನಂತಲ್ಲ. ಕೌಶಲ್ಯಾ ನನಗ ಆವಾಗೇ ಹೇಳ್ಯಾಳ" ಅಂದರು. ನೋಡಿ ನಿಮ್ಮ ಅಕ್ಕನ ಕೆಲಸ! ನಿಮ್ಮೊಬ್ಬರನ್ನು ಬಿಟ್ಟು ಎಲ್ಲರಿಗೂ ಹೇಳಿದ್ದಾರೆ.

ಭಾವ ತಾಟನ್ನೇ ನೋಡುತ್ತಾ, "ಅವರು ಏನಂತಾರ?" ಅಂದರು.

"ನೋಡಬೇಕು ಅಂತಾರ."

"ನೀ ಏನಂತಿ?"

"ನಾನೂ ನೋಡಬೇಕು."

ಅವರು ಊಟ ಮುಗಿಸಿ ಎದ್ದರು. ಬೆಳಿಗ್ಗೆ ನನ್ನ ಹೆಸರಿಗೆ ಬಂದ ವಿಮೆಯ ಲಕೋಟೆಯನ್ನು ಒಡೆಯದೆ ನನ್ನ ಕೈಗೆ ಕೊಟ್ಟರು. ಅದು ಸಿಟ್ಟೋ, ಒಪ್ಪಿಗೆಯೋ ಇನ್ನೂ ತಿಳಿದಿಲ್ಲ. ಆದ್ದರಿಂದ ನೀವು ಈಗಲೇ ಅವರ ಮುಂದೆ ಬಂದು ಕೂರಬೇಡಿ.

ಭೂದೇವಿಯವರ ಬಗ್ಗೆ ಓದಿ ಲ್ಯಾಬಿನ ಕೆಲಸ ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದು ನಿಂತೆ. ಅವರು ಒಂದಾದರೂ ಕೆರೆಯನ್ನು ತಿರುಗಿ ನೋಡಿರುತ್ತಾರೆ, ನೀವು ಫಿಲ್ಮ್ ಬದಲಿಸುವಾಗ. ನೀವು ಕಾಣದ್ದು ಅವರೂ ಕಾಣಲಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂರು ಅಂಗುಲ ಪುಕ್ಕಟೆ ಕೊಟ್ಟವರ ಮೇಲೆ ಎಷ್ಟು ದಿನ ಸಿಟ್ಟು ಮಾಡುವುದು? ಆದರೆ ಆ ಮೂರು ಅಂಗುಲ ಅವರವು. ಅವನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನೀವು ನನ್ನನ್ನು ನೋಡಲು ಇಲ್ಲಿಗೆ ಬರುವುದು ಬೇಡ. ಬರುವ ಭಾನುವಾರ, ಆರನೆಯ ತಾರೀಖು, ನಾನೇ ಮೊದಲ ಬಸ್ಸಿಗೆ ತಾಂಡೂರಿಗೆ ಬರುತ್ತಿದ್ದೇನೆ. ವರ್ಗಾವಣೆಯ ಆದೇಶ ಬರುವ ಮುಂಚೆ ಮನೆ ನೋಡಿಟ್ಟರೆ ಒಳ್ಳೆಯದೆಂದು ಈಶಮ್ಮ ಹೇಳಿದ್ದಾರೆ. ಅವರು ಬಿಡುವ ಬಾಡಿಗೆಯ ಮನೆ ಒಂದು ಕೋಣೆಯದು, ನೀರು ಚೆನ್ನಾಗಿದೆಯಂತೆ, ಮಾಲೀಕರು ಒಳ್ಳೆಯವರಂತೆ. ಅದನ್ನು ಬೆಳಿಗ್ಗೆ ನೋಡುತ್ತೇನೆ.

ಮಧ್ಯಾಹ್ನ ನಿಮ್ಮ ಮನೆ ನೋಡುತ್ತೇನೆ. ಕೌಶಲ್ಯಾ ಅಕ್ಕನನ್ನು ಕರೆಸಬೇಡಿ. ಅಡುಗೆ ನೀವೇ ಮಾಡಿ; ಹೋಟೆಲಿನಿಂದ ತಂದರೆ ನನಗೆ ಗೊತ್ತಾಗುತ್ತದೆ. ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡುತ್ತೇನೆ, ಹಿತ್ತಲಿಗೆ ಹೋಗುತ್ತೇನೆ, ಮನಸ್ಸಿಗೆ ಬಂದದ್ದನ್ನೆಲ್ಲ ಕೇಳುತ್ತೇನೆ. ಗಂಡಿನ ಕಡೆಯವರು ಬಂದಾಗ ನಾವು ಸುಮ್ಮನೆ ಕೂತು ಉತ್ತರ ಕೊಡುತ್ತೇವಲ್ಲ, ಹಾಗೆ ನೀವೂ ಕೊಡಿ.

ಸಂಜೆಯ ಬಸ್ಸಿಗೆ ಮುಂಚೆ ಈಶಮ್ಮನ ಮಾಲೀಕರಿಗೆ ಮನೆ ಬೇಕೋ ಬೇಡವೋ ಹೇಳಬೇಕು. ಮೊದಲು ನಿಮಗೆ ಹೇಳಿ, ಆಮೇಲೆ ಅವರಿಗೆ ಹೇಳುತ್ತೇನೆ.

ಸ್ವರೂಪಾ